ದಾರಿ ಮುಚ್ಚಿದವರು ಯಾರು?

ಬೆಟ್ಟಗಳ ಎತ್ತರವನ್ನು ಕಂಡು ಬೆರಗಾದವರು ಲೋಕದಲ್ಲಿ ಬಹಳ ಮಂದಿ. ಎವರೆಸ್ಟ್ ಎಷ್ಟು ಅಡಿ ಎತ್ತರವೆಂದು ಕೇಳಿದರೆ ಪ್ರಾಥಮಿಕ ಶಾಲೆಯ ಹುಡುಗನೂ ಥಟ್ಟನೆ ಹೇಳಿಯಾನು. ಆದರೆ ಆ ಬೆಟ್ಟದ ಸಾಲಿನಲ್ಲಿ ತಗ್ಗು ಎಲ್ಲಿದೆ, ಮನುಷ್ಯನು ಎಲ್ಲಿ ನುಸುಳಿ ಆಚೆಗೆ ಹೋಗಬಹುದು ಎಂದು ಕೇಳುವವರು ಕಡಮೆ. ಶಿಖರವನ್ನು ಹತ್ತಿದವನು ಬಾವುಟ ನೆಟ್ಟು ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಕಣಿವೆಯನ್ನು ಹತ್ತಿದವನು ಆಚೆಗೆ ಇಳಿದುಹೋಗುತ್ತಾನೆ. ಅವನ ಕುದುರೆಯ ಬೆನ್ನಿನ ಮೇಲೆ ಉಪ್ಪಿನ ಮೂಟೆಯೋ ಉಣ್ಣೆಯ ಗಂಟೋ ಇರುತ್ತದೆ. ಆಚೆಯ ಊರಿನಲ್ಲಿ ಅವನಿಗೆ ಬೀಗರೋ ಸಾಲಗಾರರೋ ಇರುತ್ತಾರೆ. ಊರೂರುಗಳ ನಂಟೆಲ್ಲ ಈ ತಗ್ಗುಗಳನ್ನು ಹಿಡಿದೇ ಬೆಳೆದುಬಂದಿದೆ.

ಖೈಬರ್ ಕಣಿವೆಯ ಹೆಸರನ್ನು ನಾವೆಲ್ಲರೂ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೇವೆ. ನಾನು ಈಗ ಹೇಳಹೊರಟಿರುವುದು ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಕಣಿವೆಯ ವಿಷಯ. ಅದರ ಹೆಸರು ಜೋಜಿ ಲಾ. ಲಡಾಖಿನ ಭಾಷೆಯಲ್ಲಿ ‘ಲಾ’ ಎಂದರೆ ಕಣಿವೆಯೆಂದೇ ಅರ್ಥ. ನಮ್ಮಲ್ಲಿ ಬಿ.ಎ. ಮುಗಿಸಿದ ಮಿತ್ರರು ಮುಂದೆ ಓದಲು ಹೋಗುವ ‘ಲಾ’ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದುದರಿಂದ ಜೋಜಿ ಲಾ ಕಣಿವೆ ಎನ್ನುವುದು ಗೇಟುಬಾಗಿಲು ಎಂದ ಹಾಗೆ. ಆದರೂ ರೂಢಿ ಹಾಗಿರುವುದರಿಂದ ವಾಚಕರು ಕ್ಷಮಿಸಬೇಕು.

ಶ್ರೀನಗರದಿಂದ ಲೇಹ್ ಪಟ್ಟಣಕ್ಕೆ ಹೋಗುವ ನಾನೂರಕ್ಕೂ ಹೆಚ್ಚು ಕಿಲೋಮೀಟರಿನ ಹೆದ್ದಾರಿಯಲ್ಲಿ ಸೋನಾಮಾರ್ಗ್ ಕಳೆದ ಮೇಲೆ ಈ ಕಣಿವೆ ಸಿಕ್ಕುತ್ತದೆ. ಇದರ ಈಚೆ ಕಾಶ್ಮೀರ, ಆಚೆ ಲಡಾಖ್. ಎತ್ತರ ಸುಮಾರು 11,500 ಅಡಿ. ಅಲ್ಲಿಗೆ ನಾನು ಹೋದವಳಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿ ನಾನು ನೋಡಿರುವ ದೊಡ್ಡ ಊರೆಂದರೆ ಬೆಂಗಳೂರೊಂದೇ. ಆದರೆ ನಮ್ಮಣ್ಣ ಸೈನ್ಯದಲ್ಲಿ ಲಾರಿ ಓಡಿಸುತ್ತಾನೆ. ಎರಡು ವರ್ಷ ಕಾಲ ಅವನು ದ್ರಾಸಿನಲ್ಲಿದ್ದ. ಕಣಿವೆಯನ್ನು ಇಳಿದು ಲಡಾಖಿನ ಕಡೆಗೆ ಹೋದರೆ ಸಿಕ್ಕುವ ಮೊದಲ ಪಟ್ಟಣ ಅದು. ರಜೆಗೆ ಬಂದಾಗಲೆಲ್ಲ ಅವನು ಜಗಲಿಯ ಮೇಲೆ ಕುಳಿತು ಆ ದಾರಿಯನ್ನು ಬಣ್ಣಿಸುತ್ತಿದ್ದ. ಅವನಿಗೆ ಬೇರೆ ಬಣ್ಣನೆ ಬಾರದು, ಚಾಲಕನ ಬಣ್ಣನೆ ಮಾತ್ರ. “ಮ್ಯಾಲೆ ಬಂಡೆ, ಕೆಳಗೆ ಪಾತಾಳ, ಮಧ್ಯದಾಗೆ ಕೆಸರು. ಎದುರಿಗೆ ಲಾರಿ ಬಂದ್ರೆ ದೇವರೇ ಗತಿ” ಎನ್ನುತ್ತಿದ್ದ. ಅದಕ್ಕಾಗಿಯೇ ಕಣಿವೆಯಲ್ಲಿ ಬಹುಮಟ್ಟಿಗೆ ಒಂದು ಹೊತ್ತು ಈ ಕಡೆಯ ವಾಹನಗಳನ್ನೂ ಇನ್ನೊಂದು ಹೊತ್ತು ಆ ಕಡೆಯವನ್ನೂ ಬಿಡುವುದುಂಟಂತೆ. ಕೆಳಗೆ ಬಾಲ್ತಾಲಿನಲ್ಲಿ ಅಮರನಾಥದ ಯಾತ್ರಿಕರ ಡೇರೆಗಳು, ಮೇಲಿನಿಂದ ನೋಡಿದರೆ, ಒಣಗಲು ಹಾಕಿದ ಕರ್ಚೀಫುಗಳಂತೆ ಕಾಣುತ್ತವೆ ಎಂದು ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ.

ಆ ಮಾತುಗಳನ್ನು ಕೇಳಿ ಕೇಳಿ ನನಗೂ ಕುತೂಹಲ ಹುಟ್ಟಿತು. ನಮ್ಮ ಕಾಲೇಜಿನ ವಾಚನಾಲಯದಲ್ಲಿ ಒಂದು ದೊಡ್ಡ ಅಟ್ಲಾಸ್ ಇದೆ. ಅದರ ಬೆನ್ನು ಹರಿದುಹೋಗಿದ್ದರೂ ಹಿಮಾಲಯ ಭದ್ರವಾಗಿಯೇ ಇದೆ. ಅದನ್ನು ನೋಡಿದಾಗ ಒಂದು ಸಂಗತಿ ನನ್ನನ್ನು ಗೊಂದಲಕ್ಕೀಡುಮಾಡಿತು. ಅದೇ ಹೆದ್ದಾರಿಯಲ್ಲಿ ಮುಂದೆ ನಮಿಕಾ ಲಾ, ಫೋಟು ಲಾ ಎಂಬ ಇನ್ನೆರಡು ಕಣಿವೆಗಳಿವೆ. ಮೊದಲನೆಯದು ಸುಮಾರು 12,000 ಅಡಿ, ಎರಡನೆಯದು 13,400 ಅಡಿಗೂ ಹೆಚ್ಚು. ಮೂರರಲ್ಲಿ ಜೋಜಿ ಲಾ ಅತ್ಯಂತ ತಗ್ಗಾದುದು. ಆದರೂ ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಮುಚ್ಚಿಹೋಗುವುದು ಇದೊಂದೇ. ಎತ್ತರದವು ತೆರೆದಿದ್ದು ತಗ್ಗಿನದು ಮುಚ್ಚುವುದೆಂದರೇನು?

ಇದರ ಉತ್ತರ ನಮ್ಮ ಊರಿನಲ್ಲಿಯೇ ಇದೆ ಎಂಬುದು ನನಗೆ ಭೂಗೋಳದ ಪುಸ್ತಕವನ್ನು ತಿರುವಿದ ಮೇಲೆ ಹೊಳೆಯಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿಂದ ಕಾಗೆ ಹಾರಿದಂತೆ ಇನ್ನೂರು ಕಿಲೋಮೀಟರು ಬಂದರೆ ನಮ್ಮ ಚಳ್ಳಕೆರೆಯ ಸೀಮೆ. ಇಲ್ಲಿ ಮುಂಗಾರಿನಲ್ಲಿ ಮೋಡ ಕಂಡರೆ ನಾವು ಅದಕ್ಕೆ ಕೈಮುಗಿಯುತ್ತೇವೆ, ಅದು ನಮಗೆ ಬೆನ್ನು ತೋರಿಸುತ್ತದೆ. ಸಹ್ಯಾದ್ರಿ ಮೋಡವನ್ನು ತಡೆದು ಹಿಂಡಿಕೊಂಡ ಮೇಲೆ ಉಳಿದದ್ದು ನಮ್ಮ ಪಾಲು. ಜೋಜಿ ಲಾದಲ್ಲಿಯೂ ಇದೇ ನ್ಯಾಯ. ಚಳಿಗಾಲದಲ್ಲಿ ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಮೋಡಗಳು ಕಾಶ್ಮೀರವನ್ನು ಹಾದು ಹಿಮಾಲಯದ ದೊಡ್ಡ ಗೋಡೆಗೆ ಬಂದು ತಾಗುತ್ತವೆ. ಹೊತ್ತುತಂದ ಹಿಮದ ಬಹುಪಾಲನ್ನು ಅಲ್ಲಿಯೇ ಸುರಿಯುತ್ತವೆ. ಒಳಗಿನ ಕಣಿವೆಗಳು ಎತ್ತರದಲ್ಲಿದ್ದರೂ ಒಣಭೂಮಿಯಲ್ಲಿವೆ. ಕಣಿವೆಯ ಈಚೆ ದೇವದಾರು, ಭೂರ್ಜ ಮರಗಳ ಹಸಿರು. ಆಚೆ ಇಳಿದರೆ ಮರದ ಹೆಸರಿಲ್ಲದ ಬೋಳುಬೆಟ್ಟ. “ಗುಮ್ರಿ ದಾಟಿದ್ ಮ್ಯಾಲೆ ನಮ್ಮೂರ ಗುಡ್ಡಗಳೇ ಬೆಳ್ದು ದೊಡ್ಡವಾದಂಗೆ ಕಾಣ್ತವೆ” ಎಂದು ಅಣ್ಣ ಹೇಳಿದ್ದು ಹುಡುಗಾಟಕ್ಕೆಂದು ಭಾವಿಸಿದ್ದೆ. ಅದರಲ್ಲಿ ಭೂಗೋಳಶಾಸ್ತ್ರವೇ ಇತ್ತು.

ಇಂತಹ ದುರ್ಗಮವಾದ ದಾರಿಯನ್ನು ಜನರು ಬಿಡದೆ ತುಳಿಯುತ್ತ ಬಂದಿದ್ದಾರೆ. 14ನೆಯ ಶತಮಾನದಲ್ಲಿ ರಿಂಚನನೆಂಬ ಲಡಾಖಿನ ರಾಜಕುಮಾರನು ಈ ಮಾರ್ಗವಾಗಿ ಕಾಶ್ಮೀರಕ್ಕೆ ಬಂದು, 1320ರಲ್ಲಿ ಅಲ್ಲಿಯ ಗದ್ದುಗೆಯನ್ನೇ ಏರಿದನು. 16ನೆಯ ಶತಮಾನದಲ್ಲಿ ಮಿರ್ಜಾ ಹೈದರನು ಸೈನ್ಯದೊಡನೆ ಇದೇ ಕಣಿವೆಯನ್ನು ದಾಟಿ ಕಾಶ್ಮೀರಕ್ಕೆ ನುಗ್ಗಿದನು. ರಾಜರಿಗಿಂತ ಹೆಚ್ಚಾಗಿ ದಾಟಿದವರು ವ್ಯಾಪಾರಿಗಳು. ಕಾಶ್ಮೀರದ ಶಾಲುಗಳೆಂದು ಜಗತ್ತು ಕೊಂಡಾಡಿದುವಲ್ಲ, ಅವುಗಳ ಉಣ್ಣೆ ಕಾಶ್ಮೀರದಲ್ಲಿ ಹುಟ್ಟಿದುದಲ್ಲ. ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿ ಮೇಯುವ ಆಡುಗಳ ಮೈಮೇಲಿನದು. ಅದು ಈ ದಾರಿಯಾಗಿ ಶ್ರೀನಗರದ ನೇಕಾರರ ಮನೆ ಸೇರುತ್ತಿತ್ತು. ಆ ಕಾಲದಲ್ಲಿ ಲಡಾಖಿಗೆ ಇದು ಇದ್ದ ಹಲವು ಬಾಗಿಲುಗಳಲ್ಲಿ ಒಂದು ಮಾತ್ರ. ಉತ್ತರಕ್ಕೆ 18,000 ಅಡಿ ಎತ್ತರದ ಕಾರಕೋರಂ ಕಣಿವೆಯ ಮೂಲಕ ಯಾರ್ಕಂದಿಗೆ ದಾರಿಯಿತ್ತು. ಪೂರ್ವಕ್ಕೆ ಲ್ಹಾಸಾಕ್ಕೆ ದಾರಿಯಿತ್ತು. ಕಾರ್ಗಿಲ್ಲಿನಿಂದ ನದಿಯ ದಂಡೆಯನ್ನೇ ಹಿಡಿದು ಹೋದರೆ ಸ್ಕರ್ದು ಪಟ್ಟಣಕ್ಕೂ ದಾರಿಯಿತ್ತು. ಬಾಗಿಲು ಹಲವಿದ್ದ ಮನೆಯಲ್ಲಿ ಒಂದು ಮುಚ್ಚಿದರೆ ಯಾರೂ ಚಿಂತಿಸುವುದಿಲ್ಲ.

ಈಗ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. 2023ರ ಫೆಬ್ರವರಿಯಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ಅವ್ವ ಅಪ್ಪ ಇಬ್ಬರೂ ಕೂಲಿಗೆ ಹೋಗುತ್ತಿದ್ದುದರಿಂದ ನಮ್ಮಣ್ಣನನ್ನೂ ನನ್ನನ್ನೂ ಸಾಕಿದವರು ಅಜ್ಜಿಯೇ. ಅಣ್ಣನೆಂದರೆ ಅವರಿಗೆ ಒಂದು ತೂಕ ಹೆಚ್ಚು. ರಾತ್ರಿ ಅವನಿಗೆ ಫೋನ್ ಹತ್ತಿತು, ಸುದ್ದಿ ಮುಟ್ಟಿತು. ರಜೆಯೂ ತಡವಿಲ್ಲದೆ ಸಿಕ್ಕಿತು. ಆದರೆ ಆ ವರ್ಷ ಜನವರಿಯ ಮೊದಲ ವಾರದಲ್ಲಿಯೇ ಜೋಜಿ ಲಾ ಮುಚ್ಚಿತ್ತು. ದ್ರಾಸಿನಿಂದ ಶ್ರೀನಗರದ ಕಡೆಗೆ ಇಳಿಯುವಂತಿರಲಿಲ್ಲ. ಅವನು ಹಿಂದುಮುಂದಾಗಿ ಕಾರ್ಗಿಲ್ಲಿಗೆ, ಅಲ್ಲಿಂದ ಲೇಹ್‌ಗೆ ಹೋಗಿ, ಅಲ್ಲಿ ಮೋಡ ಕವಿದು ವಿಮಾನ ಏಳದೆ ದಿನಗಳನ್ನು ಎಣಿಸುತ್ತ ಕುಳಿತ. ಇಲ್ಲಿ ಮೊದಲ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದರು. ಆ ಮೇಲೆ ಹಿರಿಯರು “ಇನ್ನು ಇಟ್ಕಳದು ಬ್ಯಾಡ” ಎಂದರು.

ಅಂದು ಸಂಜೆ ಅವ್ವ ನನ್ನನ್ನು ಕೇಳಿದಳು: “ದಾರಿ ಮುಚ್ಚೈತೆ ಅಂತಾನಲ್ಲವ್ವಾ, ಯಾರು ಮುಚ್ಚಿದ್ರು?”

ನಾನು ಅಟ್ಲಾಸ್ ನೋಡಿ ಹಾಳೆಯ ಮೇಲೆ ಬರೆದುಕೊಂಡಿದ್ದ ನಕ್ಷೆಯನ್ನು ತಂದು ತೋರಿಸಿದೆ. ಹಿಮ ಬೀಳುವುದು, ಅದು ಬೆಟ್ಟದ ಮೇಲಿನಿಂದ ಜಾರುವುದು, ಆಳುದ್ದಕ್ಕೂ ಮೀರಿ ರಸ್ತೆಯನ್ನು ಹೂಳುವುದು ಎಲ್ಲವನ್ನೂ ತಿಳಿದಷ್ಟು ಹೇಳಿದೆ. ಅವ್ವ ಹಾಳೆಯನ್ನು ನೋಡಲಿಲ್ಲ. “ಹಂಗಾದ್ರೆ ಯಾರೂ ಮುಚ್ಚಿಲ್ಲ ಅನ್ನು. ಮಳೆಗಾಲದಾಗೆ ಹಳ್ಳ ಬಂದಂಗೆ” ಎಂದಳು. ಯಾರೋ ಬೇಕೆಂದು ಮುಚ್ಚಿಲ್ಲವೆಂಬುದು ಅವಳಿಗೆ ಅಷ್ಟು ದುಃಖದಲ್ಲಿಯೂ ಸಮಾಧಾನವನ್ನು ಕೊಟ್ಟಿತೆಂದು ತೋರುತ್ತದೆ.

ಅಣ್ಣ ಮಣ್ಣಿಗೂ ಒದಗಲಿಲ್ಲ, ಹನ್ನೊಂದನೆಯ ದಿನಕ್ಕೂ ಒದಗಲಿಲ್ಲ. ಹದಿಮೂರನೆಯ ದಿನ ಬೆಳಗ್ಗೆ ಬಂದ. ಮನೆಯೊಳಕ್ಕೆ ಬಾರದೆ ನೇರವಾಗಿ ಹೊಲದ ಕಡೆಗೆ ನಡೆದ. ಕಾರ್ಗಿಲ್ಲಿನ ಒಣ ಜರ್ದಾಳು ಹಣ್ಣನ್ನು ಅಜ್ಜಿಗೆಂದು ಕೊಂಡಿಟ್ಟಿದ್ದನಂತೆ. ನೀರಿನಲ್ಲಿ ನೆನೆಸಿಟ್ಟರೆ ಹಲ್ಲಿಲ್ಲದವರೂ ತಿನ್ನಬಹುದು ಎಂದು ಹಿಂದಿನ ರಜೆಯಲ್ಲಿ ಮಾತು ಕೊಟ್ಟುಹೋಗಿದ್ದ. ಅದನ್ನು ಗುಡ್ಡೆಯ ಮೇಲೆ ಎಡೆಯಿಟ್ಟು, ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದ.

ಆ ರಜೆಯಲ್ಲಿ ಅವನು ಹೇಳಿದ ಇನ್ನೊಂದು ಮಾತು ನನ್ನನ್ನು ಈ ಪ್ರಬಂಧದವರೆಗೆ ಎಳೆದುತಂದಿದೆ. ಜರ್ದಾಳು ಮಾರಿದ ಕಾರ್ಗಿಲ್ಲಿನ ಅಂಗಡಿಯ ಹಿರಿಯರು, ಊರಿಗೆ ಹೊರಟ ಕಾರಣವನ್ನು ಕೇಳಿ ತಿಳಿದು, ಹಣ ತೆಗೆದುಕೊಳ್ಳಲಿಲ್ಲವಂತೆ. ಅವರ ತಂದೆಯ ಒಡಹುಟ್ಟಿದ ಅಕ್ಕನನ್ನು ಸ್ಕರ್ದುವಿಗೆ ಕೊಟ್ಟಿದ್ದರು. 1948ರ ನಂತರ ಆ ತಂದೆ ತನ್ನ ಅಕ್ಕನ ಮುಖವನ್ನು ಕಾಣಲಿಲ್ಲ. ಆಕೆ ಸತ್ತ ಸುದ್ದಿ ಇವರಿಗೆ ಮುಟ್ಟಿದುದು ತಿಂಗಳುಗಳ ಮೇಲೆ. “ನಿನ್ನ ದಾರಿ ವಸಂತದಲ್ಲಿ ತೆರೆಯುತ್ತದೆ, ಬೇಟಾ” ಎಂದರಂತೆ ಆ ಹಿರಿಯರು.

1948ರಲ್ಲಿ ಆದುದೇನೆಂದು ತಿಳಿಯಲು ನಾನು ಮತ್ತೆ ವಾಚನಾಲಯಕ್ಕೆ ಹೋದೆ. ಅಲ್ಲಿ ನನಗೆ ಸಿಕ್ಕಿದವರು ನಮ್ಮ ನಾಡಿನವರೇ.

1947ರ ಅಕ್ಟೋಬರಿನಲ್ಲಿ ಕಾಶ್ಮೀರದ ಮೇಲೆ ದಾಳಿ ಆರಂಭವಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಲಾಹೌಲಿನವರಾದ ಪೃಥಿ ಚಂದ್ ಎಂಬ ಅಧಿಕಾರಿ ಒಂದು ಸಣ್ಣ ತುಕಡಿಯೊಡನೆ, ನಡುಚಳಿಗಾಲದಲ್ಲಿ, ಕಾಲ್ನಡಿಗೆಯಲ್ಲಿ ಜೋಜಿ ಲಾವನ್ನು ದಾಟಿ ಲೇಹ್ ಪಟ್ಟಣದ ರಕ್ಷಣೆಗೆ ಹೋದರು. ಹೆದ್ದಾರಿಯಿರುವ ಈ ಕಾಲದಲ್ಲಿ ನಮ್ಮಣ್ಣನಿಗೆ ಆಗದ ಕೆಲಸವನ್ನು ಅವರು ರಸ್ತೆಯೇ ಇಲ್ಲದ ಕಾಲದಲ್ಲಿ ಮಾಡಿದರು. ಮೇ ತಿಂಗಳಲ್ಲಿ ಕಾರ್ಗಿಲ್ ಕೈಬಿಟ್ಟಿತು. ಆ ಬಳಿಕ ದ್ರಾಸ್, ಕೊನೆಗೆ ಕಣಿವೆಯೂ ಹೋಯಿತು. ನೆಲದ ದಾರಿ ತಪ್ಪುತ್ತಿದ್ದಂತೆ, ಮೇ 24ರಂದು ವಾಯುಸೇನೆಯ ಮೆಹರ್ ಸಿಂಗ್ ಅವರು ಡಕೋಟಾ ವಿಮಾನವೊಂದನ್ನು ಲೇಹ್‌ನಲ್ಲಿ ಇಳಿಸಿದರು. ಅವರೊಡನೆ ಆ ವಿಮಾನದಲ್ಲಿದ್ದವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ. ಆಗಸ್ಟ್ 14ರಂದು, ಆರು ತಿಂಗಳ ಮುತ್ತಿಗೆಯ ನಂತರ, ಅನ್ನವೂ ಮದ್ದುಗುಂಡೂ ತೀರಿ, ಶೇರ್ ಜಂಗ್ ಥಾಪಾ ಅವರ ಕೈಯಲ್ಲಿದ್ದ ಸ್ಕರ್ದು ಬಿದ್ದಿತು.

ಕಣಿವೆಯನ್ನು ಮರಳಿ ಪಡೆಯಲು ಸೆಪ್ಟೆಂಬರಿನಲ್ಲಿ ನಡೆದ ಪ್ರಯತ್ನಗಳು ವಿಫಲವಾದುವು. ಮೇಲಿನ ಬಂಡೆಗಳಲ್ಲಿ ಅಡಗಿದವರ ಗುಂಡಿನೆದುರು ಕಾಲಾಳುಗಳು ಮುಂದುವರಿಯುವಂತಿರಲಿಲ್ಲ. ಆಗ ತಿಮ್ಮಯ್ಯನವರು ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಲು ನಿಶ್ಚಯಿಸಿದರು. ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ, ಯಾರಿಗೂ ತಿಳಿಯದಂತೆ ದೂರದಿಂದ ಸಾಗಿಸಿ ತಂದರು. ಹೇಸರಗತ್ತೆಗಳಷ್ಟೇ ನಡೆಯುತ್ತಿದ್ದ ಬಾಲ್ತಾಲಿನ ಮೇಲಣ ಜಾಡನ್ನು ಟ್ಯಾಂಕು ಏರುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಆ ಪಡೆಯ ನೆಲೆ ನಮ್ಮ ಬೆಂಗಳೂರು. ದಕ್ಷಿಣದ ಬಿಸಿಲಿನಲ್ಲಿ ಹುಟ್ಟಿ ಬೆಳೆದ ಜನ ಹಿಮದಲ್ಲಿ ಬಂಡೆ ಒಡೆದರು.

ನವೆಂಬರ್ 1 ಎಂದೊಡನೆ ನಮಗೆ ನೆನಪಾಗುವುದು ರಾಜ್ಯೋತ್ಸವ. ನಮ್ಮ ರಾಜ್ಯ ಒಂದಾದುದಕ್ಕೆ ಎಂಟು ವರ್ಷಗಳ ಹಿಂದೆ, 1948ರ ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗಲೇ 7ನೆಯ ಕ್ಯಾವಲ್ರಿಯ ಸ್ಟೂಆರ್ಟ್ ಟ್ಯಾಂಕುಗಳು ಜೋಜಿ ಲಾವನ್ನು ಏರಿದುವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರೆಂದು ಬರೆದಿದ್ದಾರೆ. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ಯಾರೂ ನಿರೀಕ್ಷಿಸಿರಲಿಲ್ಲ. ಎದುರಾಳಿಗಳು ನೆಲೆಗಳನ್ನು ಬಿಟ್ಟು ಓಡಿದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಮರಳಿ ದೊರೆತು ಲೇಹ್‌ಗೆ ದಾರಿಯಾಯಿತು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಮ್ಮಲ್ಲಿ ಪ್ರವಾಸ ಹೋಗುವವರು ರಾಜಾಸೀಟಿನ ಸೂರ್ಯಾಸ್ತದೊಡನೆ ಅದನ್ನೂ ನೋಡಿಬರಬೇಕೆಂದು ನನ್ನ ಬಿನ್ನಹ.

ಒಂದು ಬಾಗಿಲು ಹೀಗೆ ತೆರೆಯಿತು. ಅದೇ ಹೊತ್ತಿಗೆ ಉಳಿದ ಬಾಗಿಲುಗಳು ಒಂದೊಂದಾಗಿ ಮುಚ್ಚಿದುವು. 1949ರ ಜುಲೈನಲ್ಲಿ ಕರಾಚಿಯಲ್ಲಿ ಕದನವಿರಾಮದ ರೇಖೆಯನ್ನು ಎಳೆದಾಗ ಕಾರ್ಗಿಲ್ ಈಚೆ, ಸ್ಕರ್ದು ಆಚೆ ಉಳಿದುವು. ಅದಕ್ಕೆ ಮುಂಚೆ ಲೇಹ್, ಕಾರ್ಗಿಲ್, ಸ್ಕರ್ದು ಮೂರೂ ಒಂದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದುವು. ಜಿಲ್ಲೆಯ ಕಚೇರಿಯೇ ವರ್ಷದ ಒಂದು ಭಾಗ ಲೇಹ್‌ನಲ್ಲಿಯೂ ಚಳಿಗಾಲದಲ್ಲಿ ಸ್ಕರ್ದುವಿನಲ್ಲಿಯೂ ಇರುತ್ತಿತ್ತು. ಕಾರ್ಗಿಲ್ಲಿನ ಪುರ್ಗಿ ಭಾಷೆಗೂ ಸ್ಕರ್ದುವಿನ ಬಾಲ್ತಿ ಭಾಷೆಗೂ ಇರುವ ಅಂತರ ನಮ್ಮ ಚಿತ್ರದುರ್ಗದ ಮಾತಿಗೂ ಮೈಸೂರಿನ ಮಾತಿಗೂ ಇರುವಂತಹುದು. 1950ರ ಸುಮಾರಿಗೆ ಯಾರ್ಕಂದಿನ ವ್ಯಾಪಾರವೂ ನಿಂತುಹೋಯಿತು. ಕೆಲವು ವರ್ಷಗಳಲ್ಲಿ ಟಿಬೆಟ್ಟಿನ ದಾರಿಯೂ ನಿಂತಿತು. ನಾಲ್ಕು ದಿಕ್ಕಿಗೂ ಬಾಗಿಲಿದ್ದ ಮನೆಗೆ ಬಹುಕಾಲ ಜೋಜಿ ಲಾವೇ ಹೆಬ್ಬಾಗಿಲಾಯಿತು. 1999ರಲ್ಲಿ ದ್ರಾಸ್ ಕಾರ್ಗಿಲ್ಲುಗಳ ಶಿಖರಗಳನ್ನು ಹಿಡಿದವರು ಗುಂಡು ಹಾರಿಸಿದುದು ಈ ಹೆದ್ದಾರಿಯ ಮೇಲೆಯೇ. ತೋಲೋಲಿಂಗ್, ಟೈಗರ್ ಹಿಲ್ ಎಂಬ ಹೆಸರುಗಳನ್ನು ನಾವು ಕೇಳುವಂತಾದುದು ಆಗ.

ಇಲ್ಲಿ ಒಂದು ವಿಚಾರವನ್ನು ನನ್ನ ಮಿತ್ರರು ಗಮನಿಸಬೇಕೆಂದು ಪ್ರಾರ್ಥನೆ. ಕಾರ್ಗಿಲ್ಲಿನಿಂದ ಸ್ಕರ್ದುವಿಗೆ ಹೋಗುವ ದಾರಿಯಲ್ಲಿ ಜೋಜಿ ಲಾದಂತಹ ಎತ್ತರದ ಕಣಿವೆಯಿಲ್ಲ. ಅದು ನದಿಯ ಪಕ್ಕದ ದಾರಿ. ಹಿಮಕ್ಕೆ ಅಷ್ಟಾಗಿ ಅಂಜುವಂತಹುದಲ್ಲ. ಪ್ರಕೃತಿ ತೆರೆದಿಟ್ಟ ದಾರಿಯನ್ನು 1948ರಿಂದ ಮನುಷ್ಯರು ಮುಚ್ಚಿದ್ದಾರೆ. ಪ್ರಕೃತಿ ಮುಚ್ಚುವ ದಾರಿಯನ್ನು ಮನುಷ್ಯರು ವರ್ಷವರ್ಷವೂ ಬಿಡದೆ ತೆರೆಯುತ್ತಾರೆ. ವೀಸಾ ದೊರೆಯುತ್ತಿದ್ದ ಕಾಲದಲ್ಲಿಯೂ ಕಾರ್ಗಿಲ್ಲಿನವರು ನೆರೆಯ ಊರಿನ ನೆಂಟರನ್ನು ನೋಡಬೇಕಾದರೆ ಪಂಜಾಬಿನ ವಾಘಾದವರೆಗೆ ಇಳಿದು, ಗಡಿ ದಾಟಿ, ಮತ್ತೆ ಹಿಮಾಲಯವನ್ನು ಏರಬೇಕಾಗಿತ್ತು. ಗಡಿಗಳು ಬೇಡವೆಂದು ಹೇಳುವಷ್ಟು ತಿಳಿವಳಿಕೆಗೇಡಿ ನಾನಲ್ಲ. ಗಡಿಯನ್ನು ಕಾಯುವವರ ಮನೆಯಲ್ಲಿ ಹುಟ್ಟಿದವಳು ನಾನು. ಅದನ್ನು ಏಕೆ ಕಾಯಬೇಕಾಗಿದೆಯೆಂಬುದನ್ನು 1948, 1999ರ ಚರಿತ್ರೆಯೇ ಹೇಳುತ್ತದೆ. ಆದರೆ ಅವ್ವ ಕೇಳಿದ ಪ್ರಶ್ನೆಯನ್ನು ಆ ಅಂಗಡಿಯ ಹಿರಿಯರ ತಂದೆ ಕೇಳಿದ್ದರೆ ಅವರಿಗೆ ನಾನು ಯಾವ ನಕ್ಷೆಯನ್ನು ತೋರಿಸಬಹುದಿತ್ತು? ಹಳ್ಳ ಬಂದ ಹಾಗೆ ಎಂದು ಅವರಿಗೆ ಹೇಳಲು ಬಾಯಿ ಬರುತ್ತಿತ್ತೆ?

ಹಿಮದ ಬಾಗಿಲನ್ನು ತೆರೆಯುವವರ ಶ್ರಮ ಸಾಮಾನ್ಯವಲ್ಲ. ಗಡಿ ರಸ್ತೆಗಳ ಸಂಸ್ಥೆಯ ಬೀಕನ್ ಯೋಜನೆಯವರು ಸೋನಾಮಾರ್ಗದ ಕಡೆಯಿಂದಲೂ ವಿಜಯಕ್ ಯೋಜನೆಯವರು ದ್ರಾಸಿನ ಕಡೆಯಿಂದಲೂ ಹಿಮವನ್ನು ಕಡಿಯುತ್ತ ಬಂದು ನಡುವೆ ಸಂಧಿಸುತ್ತಾರೆ. ಹಿಮಪಾತದ ಭಯ ಹಗಲಿರುಳೂ ತಲೆಯ ಮೇಲಿರುತ್ತದೆ. ಆ ಗಡಿ ರಸ್ತೆಗಳಲ್ಲಿ ಕಲ್ಲು ಹೊತ್ತು ಡಾಂಬರು ಹಾಕುವ ಕೂಲಿಗಳಲ್ಲಿ ಬಹಳ ಮಂದಿ ದೂರದ ಜಾರ್ಖಂಡಿನವರು. ಅವರ ಮನೆಗಳಲ್ಲಿಯೂ ಅಜ್ಜಿಯರಿದ್ದಾರು. ಹಿಂದೆ ಕಣಿವೆ ವರ್ಷದಲ್ಲಿ ಐದಾರು ತಿಂಗಳು ಮುಚ್ಚಿರುತ್ತಿತ್ತು. 2023ರಲ್ಲಿ ಅದನ್ನು 68 ದಿನಗಳಲ್ಲಿ, ಮಾರ್ಚ್ 16ಕ್ಕೆ ತೆರೆದರು. 2024ರಲ್ಲಿ 35 ದಿನ, 2025ರಲ್ಲಿ 32 ದಿನ ಮಾತ್ರ ಮುಚ್ಚಿತ್ತು. ಕಣಿವೆಯ ಕೆಳಗೆ ಸುಮಾರು 13 ಕಿಲೋಮೀಟರು ಉದ್ದದ ಸುರಂಗವನ್ನು ಕೊರೆಯುವ ಕೆಲಸ 2020ರಲ್ಲಿ ಆರಂಭವಾಯಿತು. ಅದರ ದಾರಿಯಲ್ಲಿ ಸೋನಾಮಾರ್ಗದ ಆರೂವರೆ ಕಿಲೋಮೀಟರಿನ ಸುರಂಗ 2025ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು.

ಸುರಂಗವಾದರೆ ಕಣಿವೆಯ ಸೊಗಸೇ ಹೋಯಿತೆಂದು ಮರುಗುವ ಪ್ರವಾಸಿಗರು ಇರಬಹುದು. ನನಗೆ ಆ ಮರುಕವಿಲ್ಲ. ಬಸುರಿಯರು, ರೋಗಿಗಳು, ಪರೀಕ್ಷೆ ಬರೆಯಹೋಗುವ ಹುಡುಗರು, ತಾಯಿಯ ಮಣ್ಣಿಗೆ ಓಡುವ ಮಕ್ಕಳು ಹಿಮ ಕರಗುವುದನ್ನು ಕಾಯುತ್ತ ಕೂರುವುದರಲ್ಲಿ ಯಾವ ಸೊಗಸೂ ಇಲ್ಲ.

ಆ ಕಣಿವೆಯ ನೆತ್ತಿಯಲ್ಲಿ ಕರಗಿದ ಹಿಮ ಎರಡಾಗಿ ಒಡೆದು ಹರಿಯುತ್ತದೆ. ಈಚೆಗೆ ಇಳಿದ ನೀರು ಕಾಶ್ಮೀರದ ಸಿಂಧ್ ಹೊಳೆಯಾಗಿ ಝೇಲಂ ನದಿಯನ್ನು ಸೇರುತ್ತದೆ. ಆಚೆಗೆ ಇಳಿದದ್ದು ದ್ರಾಸ್ ನದಿಯಾಗಿ, ಕಾರ್ಗಿಲ್ಲಿನ ಬಳಿ ಸುರು ನದಿಯನ್ನು ಕೂಡಿ, ರೇಖೆಯನ್ನು ದಾಟಿ ಸಿಂಧೂ ನದಿಯಲ್ಲಿ ಬೆರೆಯುತ್ತದೆ. ಸ್ಕರ್ದುವಿನ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಝೇಲಂ ನದಿಯೂ ಚೀನಾಬಿನೊಡನೆ ಹರಿದು ಕೊನೆಗೆ ಸಿಂಧುವಿಗೇ ಬಂದು ಬೀಳುತ್ತದೆ. ಅಣ್ಣ ಈಗ ಬೇರೆ ಕಡೆಗೆ ವರ್ಗವಾಗಿ ಹೋಗಿದ್ದಾನೆ. ಆದರೂ ಪತ್ರಿಕೆಯಲ್ಲಿ ಜೋಜಿ ಲಾ ತೆರೆಯಿತೆಂಬ ಸುದ್ದಿ ಬಂದಾಗಲೆಲ್ಲ ನಾನು ಅದನ್ನು ಅವ್ವನಿಗೆ ಓದಿ ಹೇಳುತ್ತೇನೆ. ಕಾರ್ಗಿಲ್ಲಿನ ಆ ಮುದುಕರ ಕಥೆಯನ್ನೂ ಅವಳಿಗೆ ಹೇಳಿದ್ದೇನೆ. ಅಂದಿನಿಂದ ಅವಳು ಸುದ್ದಿಯನ್ನೆಲ್ಲ ಕೇಳಿಸಿಕೊಂಡು, “ಅವರ ದಾರಿ?” ಎಂದು ಕೇಳುತ್ತಾಳೆ. ಓದು ಬಾರದ ನಮ್ಮವ್ವನಿಗೆ ಆ ಒಂದು ಸುದ್ದಿಯನ್ನು ಓದಿ ಹೇಳುವ ಭಾಗ್ಯ ಎಂದಾದರೂ ನನ್ನದಾಗಲಿ.